ಬಿಳಿ ಸವತಿ

ನನ್ನ ಸವತಿಯ ಎತ್ತರ ಎಂಟೂವರೆ ಸಾವಿರ ಮೀಟರಿಗೂ ಸ್ವಲ್ಪ ಹೆಚ್ಚು. ಮೈಬಣ್ಣ ಬಿಳುಪು. ಬೆಳಗಿನ ಜಾವ ಮೊದಲು ನೆತ್ತಿ ಕೆಂಪಾಗುತ್ತದಂತೆ, ಆಮೇಲೆ ಮೈಯೆಲ್ಲ ಬಂಗಾರವಾಗುತ್ತದಂತೆ. ಇದನ್ನು ನನಗೆ ಬಾಯಿ ತುಂಬ ವರ್ಣಿಸಿದವರು ನನ್ನ ಗಂಡ ನರಸಿಂಹಮೂರ್ತಿ. ನಾನು ಒಂದು ಹಬ್ಬಕ್ಕೆ ಮಾವಿನಹಣ್ಣಿನ ಬಣ್ಣದ ರೇಷ್ಮೆ ಸೀರೆ ಉಟ್ಟು ಎದುರಿಗೆ ನಿಂತಾಗ "ಹೊಸದಾ?" ಎಂದು ಕೇಳಿದವರೂ ಅವರೇ. ಅದು ನಮ್ಮ ಮದುವೆಯಲ್ಲಿ ಉಟ್ಟ ಸೀರೆ.

ಸವತಿಯ ಹೆಸರು ಕಾಂಚನಜುಂಗಾ. ಇರುವುದು ಡಾರ್ಜಿಲಿಂಗಿನ ಆಚೆ, ಹೆಚ್ಚುಕಡಿಮೆ ಆಕಾಶದಲ್ಲಿ. ನನ್ನ ಹೆಸರು ಅನಸೂಯ. ಹೊಟ್ಟೆಕಿಚ್ಚಿಲ್ಲದವಳು ಎಂದು ಅರ್ಥ. ಆ ಹೆಸರಿಟ್ಟ ನಮ್ಮಜ್ಜಿ ಈಗ ಇದ್ದಿದ್ದರೆ ಬಿದ್ದು ಬಿದ್ದು ನಗುತ್ತಿದ್ದಳು.

ನಾವು ಮೈಸೂರಿನವರು. ಇವರದು ಕೇಂದ್ರ ಸರ್ಕಾರದ ಕೆಲಸ. ಕೋಲ್ಕತ್ತಾಕ್ಕೆ ವರ್ಗವಾಗಿ ಬಂದು ಬಾರಾನಗರದಲ್ಲಿ ಮನೆ ಮಾಡಿದಾಗ ಮಗಳು ಇಂಚರ ಪ್ರೈಮರಿ ಶಾಲೆಯ ಹುಡುಗಿ. ಈಗ ಊರಿನ ಇನ್ನೊಂದು ತುದಿಯ ಜೋಕಾದಲ್ಲಿ ಹಾಸ್ಟೆಲಿನಲ್ಲಿದ್ದುಕೊಂಡು ಎಂಬಿಎ ಓದುತ್ತಿದ್ದಾಳೆ. ಬಂದ ಹೊಸದರಲ್ಲಿ ಇವರು ಆಫೀಸಿನ ಕೆಲಸಕ್ಕೆಂದು ಸಿಲಿಗುರಿಗೆ ಹೋಗಿದ್ದರು. ಒಂದು ಬೆಳಿಗ್ಗೆ ಹಲ್ಲುಜ್ಜುತ್ತ ಹೋಟೆಲಿನ ಕಿಟಕಿ ತೆಗೆದರೆ ಎದುರಿಗೆ ಅವಳು. ಬಾಯಿಯ ನೊರೆ ಅಂಗಿಯ ಮೇಲೆ ಇಳಿಯುವವರೆಗೂ ಬ್ರಷ್ ಹಿಡಿದು ನಿಂತೇ ಇದ್ದರಂತೆ. ಮನೆಗೆ ಬಂದು ಅದನ್ನು ಹೇಳುವಾಗ ಇವರ ಮುಖದಲ್ಲಿದ್ದ ಕಳೆಯನ್ನು ನಾನು ಅದಕ್ಕೆ ಮುಂಚೆ ಒಮ್ಮೆ ಮಾತ್ರ ನೋಡಿದ್ದೆ, ಹೆಣ್ಣು ನೋಡಲು ನಮ್ಮ ಮನೆಗೆ ಬಂದ ದಿನ. ಆವತ್ತೇ ನನ್ನ ಹೊಟ್ಟೆಯೊಳಗೆ ಕಿಡಿ ಬಿತ್ತು.

ಆಮೇಲೆ ಶುರುವಾಯಿತು ನೋಡಿ ಹುಚ್ಚು. ಅವಳ ಫೋಟೋ ತಾವೇ ತೆಗೆಯಬೇಕು ಅಂತ. ಕ್ಯಾಮೆರಾ ಬಂತು, ಮಾರುದ್ದದ ಲೆನ್ಸ್ ಬಂತು, ಮೂರು ಕಾಲಿನ ಸ್ಟ್ಯಾಂಡ್ ಬಂತು. ಕ್ಯಾಮೆರಾಕ್ಕೆ ಮಳೆಯಂಗಿ ಕೂಡ ಬಂತು. ನನ್ನ ಛತ್ರಿಯ ಕಡ್ಡಿ ಮುರಿದು ಒಂದು ಇಡೀ ಮಳೆಗಾಲ ಕಳೆದದ್ದು ಇವರ ಗಮನಕ್ಕೇ ಬಂದಿರಲಿಲ್ಲ. ರೈಲಿನಲ್ಲಿ ಕೆಳಗಿನ ಬರ್ತಿನಲ್ಲಿ ಇವರ ತಲೆದಿಂಬಿನ ಪಕ್ಕ ಕ್ಯಾಮೆರಾ ಮಲಗುತ್ತಿತ್ತು, ನಾನು ಮೇಲಿನ ಬರ್ತು ಹತ್ತುತ್ತಿದ್ದೆ. "ನಿಂಗೆ ಅಭ್ಯಾಸ ಇದೆಯಲ್ಲಾ" ಎನ್ನುತ್ತಿದ್ದರು. ನನಗೆ ತಲೆನೋವು ಬಂದರೆ ಮಾತ್ರೆ ಎಲ್ಲಿದೆ ಎಂದು ನಾನೇ ಹೇಳಬೇಕು. ಆ ಲೆನ್ಸಿನ ಮೇಲೆ ಒಂದು ಕೂದಲೆಳೆ ಬಿದ್ದರೆ ಮೆತ್ತನೆಯ ಬಟ್ಟೆ ಹಿಡಿದು ಓಡಿ ಬರುತ್ತಿದ್ದರು.

ಹಾಲಿನ ಗೋಡೆಗೆ ಒಂದು ಮೊಳೆ ಹೊಡೆದರು. ಅವಳ ಫೋಟೋಕ್ಕೆ. ಆ ಮೊಳೆ ವರ್ಷಗಟ್ಟಲೆ ಖಾಲಿ ಇತ್ತು. ಸುಮ್ಮನೆ ಯಾಕೆ ಇರಬೇಕೆಂದು ನಾನು ಅದಕ್ಕೆ ಕ್ಯಾಲೆಂಡರ್ ಹಾಕಿದರೆ ಸಂಜೆಯೊಳಗೆ ಕ್ಯಾಲೆಂಡರ್ ಅಡುಗೆಮನೆಯಲ್ಲಿರುತ್ತಿತ್ತು. ನಮ್ಮ ಮದುವೆಯ ಫೋಟೋ ಬೀರುವಿನ ಹಿಂದೆ ಗೋಡೆಗೆ ಮುಖ ಮಾಡಿ ನಿಂತಿದೆ. ಅದಕ್ಕೆ ಇನ್ನೂ ಮೊಳೆ ಸಿಕ್ಕಿಲ್ಲ.

ಹೋಗಲಿ, ಅವಳಾದರೂ ಸಿಕ್ಕಳೇ? ಅದೂ ಇಲ್ಲ. ಪ್ರತಿ ವರ್ಷ ರಜೆ ಹಾಕಿ ಹೋಗುವುದು, ಕತ್ತಲಲ್ಲಿ ಎದ್ದು ಜೀಪು ಹತ್ತಿ ಟೈಗರ್ ಹಿಲ್ಲಿನಲ್ಲಿ ನಡುಗುತ್ತ ನಿಲ್ಲುವುದು, ಮೋಡ ನೋಡಿ ವಾಪಸ್ ಬರುವುದು. ನಮಗಿಂತ ಹಿಂದಿನ ದಿನ ಇಳಿದು ಹೋದವರಿಗೆ ಕಾಣುತ್ತಿದ್ದಳು, ಮರುದಿನ ಬಂದವರಿಗೂ ಕಾಣುತ್ತಿದ್ದಳು. ಇವರಿಗೆ ಮಾತ್ರ ಸೆರಗು ಹೊದ್ದು ಕೂರುತ್ತಿದ್ದಳು. ನಾನು ಮುಖ ಸಪ್ಪೆ ಮಾಡಿಕೊಂಡು "ಅಯ್ಯೋ ಪಾಪ" ಎನ್ನುತ್ತಿದ್ದೆ. ಒಳಗೊಳಗೇ ಹಾಲು ಕುಡಿದಷ್ಟು ಸಂತೋಷ.

ಬಂಗಾಳಿಗಳಲ್ಲಿ ಒಂದು ಪದ್ಧತಿ ಇದೆ. ಡಾರ್ಜಿಲಿಂಗಿನಿಂದ ಬಂದವರನ್ನು ಅವರು ಪ್ರಯಾಣ ಹೇಗಾಯಿತು, ಚಳಿ ಹೇಗಿತ್ತು ಎಂದು ಕೇಳುವುದಿಲ್ಲ. "ದೇಖಾ ದಿಲೋ?" ಎಂದು ಕೇಳುತ್ತಾರೆ. ದರ್ಶನ ಕೊಟ್ಟಳೇ ಎಂದು. ಎದುರುಮನೆಯ ಶೋಭನಾದಿ, ಅಂದರೆ ಶೋಭನಾ ಅಕ್ಕ, ಬಾಗಿಲಲ್ಲೇ ಕೇಳುತ್ತಿದ್ದರು, ಮಿಷ್ಟಿ ಅಂಗಡಿಯವನು ರಸಗುಲ್ಲ ಕಟ್ಟುತ್ತ ಕೇಳುತ್ತಿದ್ದ, ಟೋಟೋ ಎಂಬ ಬ್ಯಾಟರಿ ರಿಕ್ಷಾ ಓಡಿಸುವವನು ಗಾಡಿ ನಿಧಾನ ಮಾಡಿ ಕೇಳುತ್ತಿದ್ದ. ಇವರು ಪರೀಕ್ಷೆಯಲ್ಲಿ ಫೇಲಾದ ಹುಡುಗನ ಹಾಗೆ ತಲೆ ತಗ್ಗಿಸಿ "ಮೇಘ್ ಛಿಲೋ" ಎನ್ನುತ್ತಿದ್ದರು. ಮೋಡ ಇತ್ತು. ಪ್ರತಿ ವರ್ಷ ಅದೇ ಪ್ರಶ್ನೆ, ಅದೇ ಉತ್ತರ.

ಈ ವರ್ಷ ಬೆಂಗಳೂರಿಗೆ ವರ್ಗದ ಆದೇಶ ಬಂತು. ಡಿಸೆಂಬರಿನಲ್ಲಿ ಮನೆ ಖಾಲಿ ಮಾಡಬೇಕು. ನಾನು ಪಾತ್ರೆ ಪಗಡ ಯಾವ ಡಬ್ಬಕ್ಕೆ ತುಂಬಲಿ ಎಂದು ಲೆಕ್ಕ ಹಾಕುತ್ತಿದ್ದರೆ ಇವರು ಡಾರ್ಜಿಲಿಂಗಿಗೆ ಟಿಕೆಟ್ ತೆಗೆದಿದ್ದರು.

"ಇದೇ ಕೊನೇದು ಕಣೇ. ಅಲ್ಲಿಂದ ಇಷ್ಟು ದೂರ ಮತ್ತೆ ಬರಕ್ಕಾಗಲ್ಲ. ಈ ಸಲ ಸಿಗ್ಲಿಲ್ಲ ಅಂದ್ರೆ ಮುಗೀತು."

"ಸಿಗದಿದ್ರೆ ಏನಾಗುತ್ತೆ?"

"ಏನೂ ಆಗಲ್ಲ" ಎಂದು ಆ ಖಾಲಿ ಮೊಳೆಯ ಕಡೆ ನೋಡಿದರು. ನಾನು ಊರಿಗೆ ಹೋಗಿ ತಿಂಗಳು ಬಿಟ್ಟು ಬಂದರೂ ನನ್ನ ಬಗ್ಗೆ ಆ ದನಿ ಹೊರಟದ್ದಿಲ್ಲ. ನನಗೆ ಉರಿದುಹೋಯಿತು.

ಶೋಭನಾದಿ ಹೊರಡುವ ಮುಂಚೆ ನನಗೊಂದು ಮಂಕಿ ಟುಪಿ ಕೊಟ್ಟರು. ಬಂಗಾಳಿಗಳು ಗಾಳಿ ಸ್ವಲ್ಪ ತಣ್ಣಗಾದರೆ ಸಾಕು, ಕಿವಿ ಕುತ್ತಿಗೆ ಎಲ್ಲ ಮುಚ್ಚುವ ಈ ಉಣ್ಣೆಯ ಟೋಪಿ ಏರಿಸುತ್ತಾರೆ. ಇದಕ್ಕೆ ನೆತ್ತಿಯ ಮೇಲೆ ನಿಂಬೆಹಣ್ಣಿನ ಗಾತ್ರದ ಕೆಂಪು ಗೊಂಡೆ ಬೇರೆ. ಅವರ ಕೈಯ ಹೆಣಿಗೆ. ಬೇಡ ಎನ್ನಲಾಗಲಿಲ್ಲ.

ಹೋದ ದಿನದಿಂದ ಮೋಡ. ನವೆಂಬರಿನಲ್ಲಿ ಎಲ್ಲರಿಗೂ ಕಾಣುವವಳು ಇವರಿಗೆಂದೇ ಮೋಡ ತರಿಸಿಕೊಂಡಿದ್ದಳು. ಕೊನೆಯ ಬೆಳಿಗ್ಗೆ ಸ್ಟ್ಯಾಂಡ್ ಮಡಚಿಯಾಯಿತು, ಕ್ಯಾಮೆರಾ ಚೀಲ ಸೇರಿತು. ಕೆಳಗಿಳಿಯುವ ಜೀಪಿಗೆ ಇನ್ನೂ ಹೊತ್ತಿತ್ತು. ಹೋಟೆಲಿನ ತಾರಸಿಯ ಮೇಲೆ ನಾವಿಬ್ಬರೇ. ಸುತ್ತ ಹಾಲಿನಂಥ ಮಂಜು. ಇವರು ಮಸುಕಾದ ಕನ್ನಡಕ ತೆಗೆದು ಒರೆಸುತ್ತ ನಿಂತಿದ್ದರು. ಪಾಪ ಅನಿಸಿತು. ಸಿಟ್ಟೂ ಬಂತು. ನಾನು ಸತ್ತರೂ ಹೀಗೆ ನಿಲ್ಲುತ್ತಾರೋ ಇಲ್ಲವೋ ಎಂದುಕೊಂಡೆ.

"ಬನ್ನಿ, ಒಂದು ಸೆಲ್ಫಿ ತಗೊಳ್ಳೋಣ."

"ಇಷ್ಟು ದೊಡ್ಡ ಕ್ಯಾಮೆರಾ ಇದೆ. ಆ ಫೋನಲ್ಲೇ ಬೇಕಾ?"

"ನಿಮ್ಮ ಕ್ಯಾಮೆರಾದಲ್ಲಿ ನಾನು ಯಾವತ್ತು ಇದ್ದೆ ಹೇಳಿ?"

ಬಂದರು. ಇವರು ಉದ್ದ, ನಾನು ಕುಳ್ಳಿ. ಫೋನಿನಲ್ಲಿ ಹಿಡಿಸಲಿ ಎಂದು ಮೊಣಕಾಲು ಮಡಿಸಿ ನನಗಿಂತ ಕೆಳಗೆ ಬಗ್ಗಿದರು. ಹಾಗೆ ಬಗ್ಗಿದವರ ಕಣ್ಣು ನನ್ನ ತಲೆಯ ಮೇಲಿನ ಗೊಂಡೆಗೆ ಬಿತ್ತು. ಮೂರು ದಿನದಿಂದ ಅದೇ ಟೋಪಿ ಹಾಕಿಕೊಂಡು ಪಕ್ಕದಲ್ಲೇ ಓಡಾಡುತ್ತಿದ್ದೇನೆ, ಆಗ ಕಂಡಿತು ಇವರಿಗೆ.

"ಏನೇ ಇದು! ಹನುಮಂತನ ತಂಗಿ ಇದ್ದಂಗಿದ್ದೀಯ!"

ಎಂದು ನಗತೊಡಗಿದರು. ಸುಮ್ಮನೆ ನಗೆಯಲ್ಲ, ಹೊಟ್ಟೆ ಕುಲುಕುವ ನಗೆ. ಕನ್ನಡಕ ಕೈಯಲ್ಲಿ, ಕಣ್ಣಲ್ಲಿ ನೀರು, ಮುಖ ಪೂರ್ತಿ ನನ್ನ ಕಡೆ. ಫೋನಿನ ಪರದೆಯಲ್ಲಿ ಆ ಮುಖ ನೋಡಿ ನನಗೂ ನಗು ಬಂತು.

ಅಷ್ಟರಲ್ಲಿ ಪರದೆಯಲ್ಲಿ ನಮ್ಮಿಬ್ಬರ ಹಿಂದೆ ಮಂಜು ಹರಿಯಿತು.

ಅವಳು ಬಂದಳು. ಇಷ್ಟು ವರ್ಷ ಬಾರದವಳು ಆಗ ಬಂದಳು. ನಾನು ಅಂದುಕೊಂಡದ್ದಕ್ಕಿಂತ ತುಂಬ ಮೇಲೆ, ಎಲ್ಲಿ ಬರೀ ಆಕಾಶ ಇರಬೇಕೋ ಅಲ್ಲಿ, ಈ ತುದಿಯಿಂದ ಆ ತುದಿಗೆ. ಚೆಲುವೆ. ಅದಕ್ಕೆ ಎರಡು ಮಾತಿಲ್ಲ. ಕುರೂಪಿಯಾಗಿದ್ದರೆ ನಾನು ಎಷ್ಟೋ ಸಮಾಧಾನದಿಂದ ಇರುತ್ತಿದ್ದೆ.

"ರೀ" ಎಂಬುದು ನಾಲಗೆಯ ತುದಿಗೆ ಬಂತು. ಇವರ ಕಡೆ ನೋಡಿದೆ. ಇನ್ನೂ ನನ್ನನ್ನೇ ನೋಡಿ ನಗುತ್ತಿದ್ದರು. ಕನ್ನಡಕವಿಲ್ಲದೆ ಇವರಿಗೆ ಪರದೆಯಲ್ಲಿ ಏನೂ ಕಾಣುವುದಿಲ್ಲ. ನಾನು ಆ ಒಂದು ಅಕ್ಷರ ಆಡಿದರೆ ಈ ಮುಖ ಆಚೆ ತಿರುಗುತ್ತದೆ. ಆಮೇಲೆ ಚೀಲ, ಲೆನ್ಸ್, ಸ್ಟ್ಯಾಂಡ್. ನಾನು ಮತ್ತೆ ಮೇಲಿನ ಬರ್ತು.

ಅಕ್ಷರವನ್ನು ನುಂಗಿದೆ. ಬಟನ್ ಒತ್ತಿದೆ.

ಕೆಳಗೆ ರಸ್ತೆಯಲ್ಲಿ ಯಾರೋ ಕೂಗಿದರು. "ಏನಂತೆ?" ಎಂದರು ಇವರು.

"ಮಕ್ಕಳು ಆಡ್ಕೋತಿವೆ. ಬನ್ನಿ, ಟೀ ಆರ್ತಿದೆ" ಎಂದು ತೋಳು ಹಿಡಿದು ಒಳಕ್ಕೆ ಎಳೆದೆ. ಬಾಗಿಲಲ್ಲಿ ಇವರು ಕನ್ನಡಕ ಹಾಕಿಕೊಂಡು ಒಮ್ಮೆ ತಿರುಗಿ ನೋಡಿದರು. ಆ ಹೊತ್ತಿಗೆ ಮತ್ತೆ ಹಾಲಿನಂಥ ಮಂಜು. ಅವಳ ಸೆರಗು ಅವಳು ಹೊದ್ದಾಗಿತ್ತು.

ಕೋಲ್ಕತ್ತಾದಲ್ಲಿ ಬಾಗಿಲ ಬೀಗ ತೆಗೆಯುವ ಮುಂಚೆಯೇ ಶೋಭನಾದಿ ಬಂದರು. "ದೇಖಾ ದಿಲೋ?" ಇವರು ಈ ಸಲ ಮೋಡ ಇತ್ತು ಎಂದೂ ಹೇಳಲಿಲ್ಲ. ಬರೀ ತಲೆ ಅಲ್ಲಾಡಿಸಿ ಒಳಗೆ ಹೋದರು. ಹೋಗಿ ತೋರಿಸಿಬಿಡೋಣ ಎಂದು ಫೋನು ಹಿಡಿದುಕೊಂಡು ಕೋಣೆಗೂ ಹೋದೆ. ಇವರು ಮಂಚದ ಮೇಲೆ ಕೂತು ಕ್ಯಾಮೆರಾವನ್ನು ಮೆತ್ತನೆಯ ಬಟ್ಟೆಯಲ್ಲಿ ಸುತ್ತುತ್ತಿದ್ದರು, ಕೂಸಿಗೆ ಜ್ವರ ಬಂದಿದೆಯೇನೋ ಎಂಬಂತೆ. ನಾನು ಫೋನನ್ನು ಸೆರಗಿನೊಳಗೆ ಹಾಕಿಕೊಂಡು ವಾಪಸ್ ಬಂದೆ.

ಅಳಿಸಿಬಿಡಬಹುದಿತ್ತು. ಅಳಿಸಲು ಮನಸ್ಸು ಬರಲಿಲ್ಲ. ಅದರಲ್ಲಿ ಇವರ ಆ ಮುಖ ಇತ್ತಲ್ಲ. ಅಡುಗೆಮನೆಯಲ್ಲಿ ಕುಕ್ಕರ್ ಕೂಗುವವರೆಗೆ ನಿಂತು ಅದನ್ನೇ ನೋಡುತ್ತಿದ್ದೆ. ನೋಡಿದಾಗಲೆಲ್ಲ ಹಿಂದೆ ಅವಳೂ ನಿಂತಿರುತ್ತಿದ್ದಳು. ಸಾಕಾಗಿ ಇಂಚರ ಕಲಿಸಿಕೊಟ್ಟ ಹಾಗೆ ಬೆರಳಿನಲ್ಲಿ ಅಂಚು ಹಿಡಿದು ಕೆಳಗೆ ಎಳೆದೆ. ಬೆಟ್ಟ ಹೋಯಿತು, ನನ್ನ ಗೊಂಡೆಯೂ ಅದರ ಜೊತೆ ಹೋಯಿತು, ನಾವಿಬ್ಬರು ಉಳಿದೆವು. ಪೀಡೆ ತೊಲಗಿತು ಎಂದು ನಿಶ್ಚಿಂತಳಾದೆ.

ನಾವು ಹೊರಡುವುದಕ್ಕೆ ಒಂದು ವಾರ ಮುಂಚೆ ನಾಲ್ಕು ಜನರನ್ನು ಊಟಕ್ಕೆ ಕರೆದೆವು. ಶೋಭನಾದಿ, ಮತ್ತೆ ಕನ್ನಡ ಸಂಘದ ಗೆಳೆಯರು. ರೈಲ್ವೆಯ ಕಲ್ಲಪ್ಪನವರು, ಧಾರವಾಡದ ಕಡೆಯವರು, ಹೆಂಡತಿ ಇಂದಿರಮ್ಮನ ಜೊತೆ ಬಂದಿದ್ದರು. ಇಂಚರ ಜೋಕಾದಿಂದ ಬಂದವಳು ನಮ್ಮ ಕೋಲ್ಕತ್ತಾದ ನೆನಪಿಗೆ ಎಂದು ನನ್ನ ಫೋನಿನ ಫೋಟೋಗಳೆಲ್ಲ ಟೀವಿಯಲ್ಲಿ ಒಂದಾದ ಮೇಲೊಂದು ಬರುವ ಹಾಗೆ ಮಾಡಿದಳು. ಸರಸ್ವತಿ ಪೂಜೆಯಲ್ಲಿ ಹಳದಿ ಸೀರೆ ಉಟ್ಟ ಇಂಚರ, ದಕ್ಷಿಣೇಶ್ವರದ ಘಾಟಿನಲ್ಲಿ ನಮ್ಮತ್ತೆ. ಎಲ್ಲರೂ ಬಿಸಿಬೇಳೆಬಾತ್ ತಿನ್ನುತ್ತ ನೋಡುತ್ತಿದ್ದರು. ನಾನು ಹಪ್ಪಳ ತರಲು ಒಳಗೆ ಹೋಗಿದ್ದೆ.

"ಏ ಮಾ!" ಎಂದು ಶೋಭನಾದಿ ಕೂಗಿದ್ದು ಕೇಳಿಸಿತು. ಬಂದು ನೋಡಿದರೆ ಟೀವಿಯ ತುಂಬ ಅವಳು. ಮುಂದೆ ನಾನೂ ನನ್ನ ಗಂಡನೂ ಹಲ್ಲು ಬಿಡುತ್ತಿದ್ದೇವೆ. ನಾನು ಕತ್ತರಿಸಿದ್ದು ನಕಲನ್ನಂತೆ, ಅಸಲು ಹಾಗೇ ಇತ್ತಂತೆ. ಇದು ನನಗೆ ಗೊತ್ತಾದದ್ದು ಆಮೇಲೆ.

"ಏನ್ರೀ ಮೂರ್ತಿಯವರ, ಕಡೀಗೂ ಸಿಕ್ಕಾಳಲ್ರೀ ನಿಮ್ಮ ಮಹಾರಾಣಿ! ಒಂದ್ ಮಾತ್ ಹೇಳಬಾರ್ದೇನ್ರಿ ನಮಗ?" ಎಂದರು ಕಲ್ಲಪ್ಪನವರು. ಶೋಭನಾದಿ ಟೀವಿಗೇ ಕೈ ಮುಗಿದರು.

ಇವರು ತಟ್ಟೆ ಕೆಳಗಿಟ್ಟು ಎದ್ದು ಟೀವಿಯ ಹತ್ತಿರ ಹೋದರು. ಬಹಳ ಹೊತ್ತು ನೋಡಿದರು.

"ಉಲ್ಟಾ ಇದೆ" ಎಂದರು. "ಪಂಡಿಮ್ ಶಿಖರದ ಕಡೆಯ ಸಾಲು ಬಲಗಡೆ ಇರಬೇಕು. ಇಲ್ಲಿ ಎಡಗಡೆ ಬಂದಿದೆ."

"ಸೆಲ್ಫಿ ಅಲ್ವಾ ಅಪ್ಪಾ, ಕನ್ನಡಿ ಥರಾನೇ ಸೇವ್ ಆಗತ್ತೆ. ಸ್ಕ್ರೀನಲ್ಲಿ ಹೇಗೆ ಕಾಣ್ತಿತ್ತೋ ಸೇಮ್ ಹಾಗೇ" ಎಂದಳು ಮಗಳು.

"ಹೌದಾ? ಸ್ಕ್ರೀನಲ್ಲಿ ಕಾಣ್ತಿತ್ತಾ?" ಎಂದು ಇವರು ನನ್ನ ಕಡೆ ತಿರುಗಿದರು. ನಾನು ಹಪ್ಪಳದ ತಟ್ಟೆ ಹಿಡಿದು ನಿಂತಿದ್ದೆ. ಬೇರೆ ಯಾರಿಗೂ ಏನೂ ತಿಳಿಯಲಿಲ್ಲ.

ಇಂಚರ ಅತಿಥಿಗಳನ್ನು ಮೆಟ್ರೋದವರೆಗೆ ಬಿಡಲು ಹೋದಳು. ಶೋಭನಾದಿ ತಮ್ಮ ಮನೆ ಸೇರಿದರು. ಬಾಗಿಲು ಹಾಕಿದ ಮೇಲೆ ಇವರು ಮೆತ್ತಗೆ ಕೇಳಿದರು, "ಯಾಕೆ ಹೇಳ್ಲಿಲ್ಲ?"

ಕೂಗಾಡಿದ್ದರೆ ನಾನೂ ಕೂಗಾಡಲು ತಯಾರಾಗಿದ್ದೆ. ಆ ಮೆತ್ತನೆಯ ದನಿ ನನ್ನನ್ನು ಕೆಣಕಿತು.

"ಹೇಳಿದ್ರೆ ನೀವು ತಿರುಗ್ತಿದ್ರಿ!"

"ತಿರುಗ್ತಿದ್ದೆ."

"ಅದಕ್ಕೇ ಹೇಳ್ಲಿಲ್ಲ."

"ಬೆಟ್ಟದ ಮೇಲೆ ಹೊಟ್ಟೆಕಿಚ್ಚಾ ನಿಂಗೆ?"

"ಹೂಂ. ಬೆಟ್ಟದ ಮೇಲೇ. ಹೆಂಗಸಾಗಿದ್ರೆ ಜುಟ್ಟು ಹಿಡ್ಕೊಂಡು ಜಗಳ ಆಡ್ತಿದ್ದೆ. ಇವಳ ಜುಟ್ಟು ನಂಗೆ ಎಲ್ಲಿ ಎಟುಕುತ್ತೆ? ಅವಳ ನೆತ್ತಿ ಯಾವಾಗ ಕೆಂಪಾಗುತ್ತೆ, ಹೊಟ್ಟೆ ಯಾವಾಗ ಹಳದಿ ಆಗುತ್ತೆ ಎಲ್ಲಾ ಗೊತ್ತು ನಿಮಗೆ. ನಂಗೆ ಕೂದಲು ಬೆಳ್ಳಗಾಗಿದ್ದು ಗೊತ್ತಾ? ಇಷ್ಟು ವರ್ಷದಲ್ಲಿ ಆವತ್ತೊಂದು ನಿಮಿಷ ನನ್ನ ಮುಖ ನೋಡಿದ್ರಿ. ಆ ನಿಮಿಷಾನೂ ಅವಳಿಗೇ ಕೊಡ್ಬೇಕಿತ್ತಾ?"

ಇವರು ಚಪ್ಪಲಿ ಮೆಟ್ಟಿಕೊಂಡು ಹೊರಗೆ ಹೋದರು. ನಾನು ಎಂಜಲು ತಟ್ಟೆಗಳ ನಡುವೆ ಕೂತು ಅತ್ತೆ. ತಪ್ಪು ಮಾಡಿದೆ ಎಂದು ಅತ್ತದ್ದಲ್ಲ. ಇಷ್ಟೆಲ್ಲ ಮಾಡಿಯೂ ಗೆದ್ದವಳು ಅವಳೇ ಎಂದು ಅತ್ತೆ.

ಆಮೇಲೆ ಮನೆಯಲ್ಲಿ ಮಾತು ನಿಂತುಹೋಯಿತು. ಬೇಕಾದದ್ದನ್ನೆಲ್ಲ ಇಂಚರಳ ಮೂಲಕ ಕೇಳುತ್ತಿದ್ದರು. ಒಂದು ಸಂಜೆ ಅವಳನ್ನು ಪಕ್ಕಕ್ಕೆ ಕರೆದು ಆ ಫೋಟೋ ತಮ್ಮ ಫೋನಿಗೆ ಹಾಕಿಸಿಕೊಂಡದ್ದನ್ನು ಬಾಗಿಲ ಸಂದಿಯಿಂದ ನೋಡಿದೆ. ಮಾರನೆಯ ದಿನ ಓಣಿಯ ತುದಿಯ ಮಾಧವನ ಸ್ಟುಡಿಯೋಕ್ಕೆ ಹೋದರು. ನನಗೆ ತಿಳಿಯದ್ದೇನು? ನನ್ನನ್ನು ಕತ್ತರಿಸಿ ಅವಳನ್ನು ಇಟ್ಟುಕೊಳ್ಳುತ್ತಾರೆ. ನಾನು ಅವಳನ್ನು ಕತ್ತರಿಸಿದ್ದೆನಲ್ಲ, ಈಗ ಅವಳ ಸರದಿ.

ಅಂದುಕೊಂಡ ಹಾಗೇ ಆಯಿತು. ಮನೆಯೆಲ್ಲ ರಟ್ಟಿನ ಡಬ್ಬಗಳು, ಗೋಡೆಗಳು ಬೋಳು, ಅಂಥ ಹೊತ್ತಿನಲ್ಲಿ ಕಾಗದದಲ್ಲಿ ಸುತ್ತಿದ ಉದ್ದನೆಯ ಚೌಕಟ್ಟು ತಂದು ಬಿಚ್ಚಿ ಆ ಮೊಳೆಗೆ ತೂಗುಹಾಕಿದರು. ನಾನು ಬಟ್ಟೆ ಮಡಚುತ್ತ ಓರೆಗಣ್ಣಿನಲ್ಲಿ ನೋಡಿದೆ. ಎಡ ಬಲ ಸರಿಮಾಡಿಸಿದ್ದರು. ಈ ತುದಿಯಿಂದ ಆ ತುದಿಗೆ ಅವಳೇ. ನಾವಿಬ್ಬರೂ ಇಲ್ಲ. ನನ್ನ ನಗುವೂ ಇಲ್ಲ, ಇವರ ನಗುವೂ ಇಲ್ಲ. ಎದೆಯೊಳಗೆ ಒಗ್ಗರಣೆ ಚಟಪಟ ಎಂದಿತು.

ಆಗ ಬಲಗಡೆಯ ಮೂಲೆಯಲ್ಲಿ ಏನೋ ಕೆಂಪು ಕಂಡಿತು.

ನಾನಾಗಿ ಮಾತಾಡಬಾರದು ಎಂದಿದ್ದೆ. ತಡೆಯಲಾಗಲಿಲ್ಲ. "ಆ ಮೂಲೇಲಿ ಏನೋ ಮೆತ್ಕೊಂಡಿದೆ. ಅಷ್ಟು ದುಡ್ಡು ಕೊಟ್ಟು ಅದನ್ನ ನೋಡಿಲ್ವಾ?"

"ನೋಡಿದೀನಿ. ಅದು ನಿನ್ನ ಗೊಂಡೆ."

ಎದ್ದು ಹತ್ತಿರ ಹೋದೆ. ಹೌದು. ಶೋಭನಾದಿ ಹೆಣೆದ ಗೊಂಡೆ. ಹಿಮದ ಸಾಲಿನ ಮೇಲೆ ತಲೆಯೆತ್ತಿ ನಿಂತಿತ್ತು.

"ಮಾಧವ ಎರಡು ನಿಮಿಷದಲ್ಲಿ ಅಳಿಸಿ ಕೊಡ್ತೀನಿ, ಅಲ್ಲೂ ಹಿಮ ತುಂಬಿಸ್ತೀನಿ ಅಂದ" ಎಂದರು ಇವರು. "ನಾನೇ ಬೇಡ ಅಂದೆ."

"ಯಾಕೆ?"

ಇವರು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಒರೆಸಿದರು. "ಆವತ್ತು ಅವಳು ಬಂದಾಗ ನಾನು ನೋಡಿದ್ದು ಅದನ್ನೇ ಅಲ್ವಾ. ಅವಳನ್ನ ನಾನೆಲ್ಲಿ ನೋಡ್ದೆ?"

ನಾನು ಗಾಜಿನ ಮೇಲೆ ಬೆರಳಿಟ್ಟು ಕೇಳಿದೆ, "ಗೊಂಡೆ ಹಿಂದೆ ಏನಿದೆ?"

"ಪಂಡಿಮ್. ಅದೂ ದೊಡ್ಡ ಶಿಖರಾನೇ. ಪೂರ್ತಿ ಮುಚ್ಚಿಹೋಗಿದೆ."

ಒಂದು ವಿದ್ಯುತ್ ತಂತಿ ಅಡ್ಡ ಬಂದರೆ ಇಡೀ ಬೆಳಗು ಕೆಟ್ಟುಹೋಯಿತೆಂದು ಗೊಣಗುತ್ತಿದ್ದ ಮನುಷ್ಯ. ಒಂದು ಶಿಖರವೇ ಮುಚ್ಚಿಹೋಗಿದೆ. ನಾನು ಇವರ ಮುಖ ನೋಡಿದೆ.

"ಪರವಾಗಿಲ್ಲ ಬಿಡು" ಎಂದರು.

ಈಗ ಬೆಂಗಳೂರಿನ ಮನೆಯ ಹಾಲಿನಲ್ಲಿ ಅದು ತೂಗುತ್ತಿದೆ. ಇಲ್ಲಿಯವರಿಗೆ "ದೇಖಾ ದಿಲೋ" ಎಂದು ಕೇಳುವ ಪದ್ಧತಿ ಗೊತ್ತಿಲ್ಲ. ಬಂದವರು ಯಾವ ಬೆಟ್ಟ ಎಂದು ಕೂಡ ಕೇಳುವುದಿಲ್ಲ, ಆ ಕೆಂಪು ಏನು ಎಂದು ಕೇಳುತ್ತಾರೆ. ಇವರು "ನಮ್ಮ ಅನಸೂಯ" ಎಂದು ಹೇಳಿ, ಆಮೇಲೆ ಹಿಂದಿರುವ ಬೆಟ್ಟದ ಹೆಸರು ಹೇಳುತ್ತಾರೆ.

ನಾನು ವಾರಕ್ಕೊಮ್ಮೆ ಸ್ಟೂಲು ಹತ್ತಿ ಗಾಜು ಒರೆಸುತ್ತೇನೆ. ಗೊಂಡೆಯ ಮೂಲೆಯಿಂದ ಶುರು ಮಾಡಿ ಅದೊಂದು ಫಳಫಳ ಹೊಳೆಯುವ ಹಾಗೆ ಉಜ್ಜುತ್ತೇನೆ. ಅವಳ ಕಡೆ ಬರುವಷ್ಟರಲ್ಲಿ ಕೈ ನೋಯುತ್ತದೆ. ಅವಳ ಮೇಲೆ ಸ್ವಲ್ಪ ಧೂಳಿದ್ದರೆ ಇರಲಿ.